ಪಕ್ಕದ ಮನೆಯವಳು

ಫೆಬ್ರವರಿ 3
ಕ್ರೇನಿನ ಕ್ಯಾಬಿನ್, ಬೆಳಿಗ್ಗೆ ಹನ್ನೊಂದು

ಅಕ್ಕನಿಗೆ,

ಕ್ಷೇಮ ಅಂತ ಮೊದಲು ಬರೆಯಬೇಕಲ್ಲ, ಬರೆದಿದ್ದೇನೆ. ಅಷ್ಟಾಗಿ ನಂಬಬೇಡ.

ಕಾಂಕ್ರೀಟ್ ಲಾರಿ ಇನ್ನೂ ಬಂದಿಲ್ಲ. ಅದು ಬರುವವರೆಗೆ ನನಗೆ ಎತ್ತುವುದಕ್ಕೆ ಏನೂ ಇಲ್ಲ, ಇಳಿಯುವುದಕ್ಕೆ ಅಪ್ಪಣೆಯೂ ಇಲ್ಲ. ಈ ಡಬ್ಬ ನಿನ್ನ ಅಂಗಡಿಯ ಟ್ರಯಲ್ ರೂಮಿಗಿಂತ ಚಿಕ್ಕದು. ಸುತ್ತ ಗಾಜು, ಕಾಲ ಕೆಳಗೂ ಗಾಜು. ಏಣಿ ಇಳಿಯಲು ಹದಿನೈದು ನಿಮಿಷ, ಹತ್ತಲು ಇಪ್ಪತ್ತೈದು. ಅಷ್ಟು ಹೊತ್ತು ಕೆಳಗೆ ಎಂಬತ್ತು ಜನ ಕೈಕಟ್ಟಿ ನಿಲ್ಲಬೇಕು, ಮೇಸ್ತ್ರಿ ಬಾಯಿಗೆ ಬಂದದ್ದು ಬೈಯುತ್ತಾನೆ. ಅದಕ್ಕೇ ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ: ಬೆಳಿಗ್ಗೆ ಹತ್ತಿದ ಮೇಲೆ ಸಂಜೆ ಇಳಿಯುವವರೆಗೆ ನೀರು ಮುಟ್ಟುವುದಿಲ್ಲ. ಒಂದಕ್ಕೆ ಬಂದರೆ ಬಾಟಲಿ ಇದೆ. ಇನ್ನೊಂದಕ್ಕೆ ಬಂದರೆ ತಡೆದುಕೊಳ್ಳುವುದು. ಹದಿನಾರು ವರ್ಷ ತಡೆದುಕೊಂಡಿದ್ದೇನೆ.

ವಿಷಯ ಏನೆಂದರೆ, ಇಲ್ಲಿನ ಕುರ್ಚಿ ಕೆಟ್ಟಿದೆ. ಸ್ಪಂಜು ಹೋಗಿ ಕಬ್ಬಿಣ ಚುಚ್ಚುತ್ತದೆ. ಒಂದು ಮೆತ್ತನೆಯ ದಿಂಬು ಹೊಲಿದು ಕಳಿಸುತ್ತೀಯಾ? ಈ ಕಾಗದವನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ವಾಲಿದ್ದರೆ ಗಾಳಿ ಅಂತ ತಿಳಿ.

ಫೋನು ಮಾಡಬಹುದಿತ್ತು. ಆದರೆ ಮೇಲೆ ಫೋನು ತರುವಂತಿಲ್ಲ, ಸಂಜೆ ರೂಮಿನಲ್ಲಿ ನನ್ನ ಜೊತೆ ಇನ್ನೂ ಐದು ಜನ. ನಿನ್ನ ಕಡೆ ಫೋನು ಎತ್ತುವವರು ಭಾವ. ಭಾವನ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಬೀದಿಗೆಲ್ಲ ಪ್ರಸಾರ ಆಗುತ್ತದೆ. ಅವರಿಗೆ ರೇಡಿಯೋ ಅಂತ ಹೆಸರಿಟ್ಟವಳು ನೀನೇ.

ನಿನ್ನ ತಮ್ಮ


ಫೆಬ್ರವರಿ 12
ಅಂಗಡಿ

ತಮ್ಮಾ,

ಕುರ್ಚಿ ಕೆಟ್ಟವನು ಕುರ್ಚಿ ರಿಪೇರಿ ಮಾಡಿಸುತ್ತಾನೆ. ಅಕ್ಕನ ಹತ್ತಿರ ದಿಂಬು ಕೇಳುವವನದು ಕೆಟ್ಟಿರುವುದು ಕುರ್ಚಿಯಲ್ಲ. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು, ನನ್ನ ಕಿವಿಗೆ ಹೂ ಇಡಲು ಬರಬೇಡ.

ದಿಂಬು ಪಾರ್ಸೆಲ್ ಮಾಡಿದ್ದೇನೆ. ನಡುವೆ ತೂತಿದೆ. ಯಾಕೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಒಳಗೆ ಹತ್ತಿ ತುಂಬಿಲ್ಲ, ಹತ್ತಿ ಎರಡೇ ದಿನಕ್ಕೆ ಕೂತುಬಿಡುತ್ತದೆ. ಚಿಂದಿಯನ್ನು ಸಣ್ಣಗೆ ಕತ್ತರಿಸಿ ತುಂಬಿದ್ದೇನೆ.

ರಕ್ತ ಹೋಗುತ್ತಿದೆಯಾ? ಹೌದು ಅಥವಾ ಇಲ್ಲ, ಅಷ್ಟು ಬರಿ. ಗಾಳಿ, ಅಕ್ಷರ, ಮೇಸ್ತ್ರಿ ಎಲ್ಲ ಬೇಡ.

ಇಲ್ಲಿ ಶಾಲೆ ಯೂನಿಫಾರ್ಮಿನ ಕೆಲಸ ಶುರುವಾಗಿದೆ. ಶಾಲೆ ತೆರೆಯುವುದರೊಳಗೆ ನಾನೂರು ಜೊತೆ. ಮಗಳು ಹಾಸ್ಟೆಲಿನಿಂದ ಫೋನು ಮಾಡಿದ್ದಳು, ಓದುತ್ತಿದ್ದಾಳಂತೆ. ನನ್ನ ರವಿಕೆಗಳೆಲ್ಲ ಸಡಿಲ ಅಂತ ಒಂದೊಂದು ಇಂಚು ಒಳಗೆ ಹಿಡಿದೆ. ಈ ವಯಸ್ಸಿನಲ್ಲಿ ಸಣ್ಣಗಾಗುವ ಭಾಗ್ಯ ಯಾರಿಗುಂಟು ಹೇಳು.

ಅಕ್ಕ


ಮಾರ್ಚ್ 1
ಕ್ಯಾಬಿನ್

ಅಕ್ಕನಿಗೆ,

ಹೌದು.

ಇಷ್ಟು ಬರೆಯಲು ಎರಡು ವಾರ ಬೇಕಾಯಿತು. ಈಗ ಬಾಯಿಬಿಟ್ಟಿದ್ದೇನೆ, ಪೂರ್ತಿ ಕೇಳು.

ಮೊದಲ ಸಲ ಕಂಡದ್ದು ಡಿಸೆಂಬರಿನಲ್ಲಿ. ನೋವಿಲ್ಲ, ಏನಿಲ್ಲ. ಎದ್ದು ನೋಡಿದರೆ ಕೆಳಗೆಲ್ಲ ಕೆಂಪು. ಅರವತ್ತು ಮೀಟರ್ ಮೇಲೆ ಗಾಳಿಗೆ ಕ್ರೇನು ಓಲಾಡುವಾಗ ನಡುಗದವನು ನಾನು, ಆ ಒಂದು ಚದರಡಿಯ ಕೆಂಪು ನೋಡಿ ಗೋಡೆ ಹಿಡಿದುಕೊಂಡೆ. ಆಮೇಲೆ ಒಂದು ಗಂಟು ಹೊರಗೆ ಬರುವುದು, ಸ್ವಲ್ಪ ಹೊತ್ತಿಗೆ ತಾನೇ ಒಳಗೆ ಹೋಗುವುದು ಶುರುವಾಯಿತು. ಯಾರಿಗೆ ಹೇಳಲಿ? ಕೈ ಮುರಿದರೆ ಎಲ್ಲರೂ ಬಂದು ಮಾತಾಡಿಸುತ್ತಾರೆ. ಇದನ್ನು ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ಹೆಸರಿಡುತ್ತಾರೆ, ಆ ಹೆಸರು ಸಾಯುವವರೆಗೆ ಇರುತ್ತದೆ.

ಕೆಳಗಿನಿಂದ ಸನ್ನೆ ಮಾಡುವವನೊಬ್ಬ ಇದ್ದಾನೆ, ಸೀಟಿ ಅಂತ ಕರೆಯುತ್ತೇವೆ. ನಾನು ಕೂರುವ ರೀತಿ ನೋಡಿ ಅವನೇ ಕಂಡುಹಿಡಿದ. "ಅಣ್ಣಾ, ಸ್ಟೇಶನ್ ಹಿಂದೆ ಒಂದು ಬೋರ್ಡಿದೆ ನೋಡು. ಒಂದೇ ಇಂಜೆಕ್ಷನ್, ಜನ್ಮದಲ್ಲಿ ಮತ್ತೆ ಬರಲ್ವಂತೆ" ಅಂದ. ಹೋದೆ. ಒಂದು ಪರದೆ, ಪರದೆ ಹಿಂದೆ ಒಂದು ಬೆಂಚು, ಬೆಂಚಿನ ಪಕ್ಕ ಸಿರಿಂಜು ಹಿಡಿದು ನಿಂತವನ ಉಗುರಿನಲ್ಲಿ ಮಣ್ಣು. ಏನು ಓದಿದ್ದೀರಿ ಅಂತ ಕೇಳಿದ್ದಕ್ಕೆ "ಅನುಭವ" ಅಂದ. ಚಪ್ಪಲಿ ಕೈಯಲ್ಲಿ ಹಿಡಿದು ಕಾಲಿಗೆ ಬುದ್ಧಿ ಹೇಳಿದೆ.

ಸರಿಯಾದ ಡಾಕ್ಟರ ಹತ್ತಿರ ಹೋಗಲು ಭಯ. ವರ್ಷಕ್ಕೊಂದು ಸಲ ನಮಗೆ ಮೈ ಪರೀಕ್ಷೆ ಇರುತ್ತದೆ, ಈ ಸಲ ಜೂನಿನಲ್ಲಿ. ರಕ್ತ ಕಡಿಮೆ ಅಂತ ಬಂದರೆ ಮೇಲೆ ಹತ್ತಲು ಬಿಡುವುದಿಲ್ಲ. ತಲೆ ಸುತ್ತಿ ಲಿವರ್ ತಪ್ಪಿದರೆ ಎರಡು ಟನ್ ಕಬ್ಬಿಣ ಯಾರ ತಲೆ ಮೇಲೆ ಬೀಳುತ್ತದೋ. ಅವರು ಹೇಳುವುದರಲ್ಲಿ ತಪ್ಪಿಲ್ಲ. ಆದರೆ ನೆಲದ ಮೇಲೆ ನನಗೆ ಯಾವ ಕೆಲಸವೂ ಬರುವುದಿಲ್ಲ ಅಕ್ಕಾ.

ತಮ್ಮ


ಮಾರ್ಚ್ 9
ಅಂಗಡಿ

ತಮ್ಮಾ,

ಓದಿ ಮೂರು ದಿನ ಸಿಟ್ಟಿನಲ್ಲೇ ಇದ್ದೆ. ಡಿಸೆಂಬರಿನಿಂದ ಮಾರ್ಚಿನವರೆಗೆ ರಕ್ತ ಸುರಿಸಿಕೊಂಡು ಕೂತಿದ್ದೀಯಲ್ಲ, ನಿನಗೆ ತಲೆಯಲ್ಲಿ ಏನಾದರೂ ಇದೆಯಾ? ಪರದೆ ಹಿಂದಿನವನ ಹತ್ತಿರ ಹೋಗಲು ನಾಚಿಕೆ ಆಗಲಿಲ್ಲ, ಓದಿದವರ ಹತ್ತಿರ ಹೋಗಲು ನಾಚಿಕೆಯೇ? ಎದುರಿಗಿದ್ದಿದ್ದರೆ ಕಿವಿ ಹಿಂಡುತ್ತಿದ್ದೆ.

ದೊಡ್ಡ ಆಸ್ಪತ್ರೆಗೆ ಹೋಗು. ಹೋದಾಗ ಇದನ್ನೆಲ್ಲ ಕೇಳಿಕೊಂಡು ಬಾ, ಒಂದೂ ಬಿಡಬೇಡ. ರಕ್ತ ಆಮೇಲೆ ತೊಟ್ಟಿಕ್ಕಿದರೆ ಏನು ಅರ್ಥ, ಜೊತೆಯಲ್ಲೇ ಬೆರೆತು ಬಂದರೆ ಏನು ಅರ್ಥ. ಬಣ್ಣ ಕೆಂಪಗಿದ್ದರೆ ಏನು, ಕಪ್ಪಗಿದ್ದರೆ ಏನು. ಹೋಗಿ ಬಂದ ಮೇಲೂ ಇನ್ನೂ ಇದೆ ಅನ್ನಿಸುವುದು ಇದರಲ್ಲಿ ಸೇರಿದೆಯಾ. ಹೆಂಗಸರಿಗೆ ಬೇರೆ ತರಹ ಇರುತ್ತದಾ. ಎಷ್ಟು ತಿಂಗಳವರೆಗೆ ಮುಲಾಮಿನಲ್ಲೇ ತಳ್ಳಬಹುದು. ಎಲ್ಲವನ್ನೂ ಬರೆದುಕೊಂಡು ನನಗೆ ಬರಿ. ನಿನ್ನ ನೆನಪಿನ ಶಕ್ತಿ ನನಗೆ ಗೊತ್ತಿದೆ.

ನೀರು ಕುಡಿ. ಮೇಸ್ತ್ರಿ ಬೈದರೆ ಬೈಯಲಿ, ಅವನ ಬೈಗುಳ ನೀನು ಇಳಿದು ಹತ್ತುವ ನಲವತ್ತು ನಿಮಿಷ ಅಷ್ಟೇ.

ಅಕ್ಕ


ಮಾರ್ಚ್ 28
ರೂಮು, ರಜೆಯ ದಿನ

ಅಕ್ಕನಿಗೆ,

ಹೋಗಿ ಬಂದೆ. ಬದುಕಿದ್ದೇನೆ. ಮರ್ಯಾದೆ ಹೋಯಿತು, ಆದರೆ ಅದು ಇಷ್ಟು ದಿನ ಇದ್ದು ಮಾಡಿದ್ದಾದರೂ ಏನು.

ಡಾಕ್ಟರು ಹೆಂಗಸು. ಅದನ್ನು ನೋಡಿಯೇ ನಾನು ಬಾಗಿಲಲ್ಲಿ ತಿರುಗಿದೆ. "ಯಾಕ್ರೀ, ಎಲ್ಲಿಗ್ ಹೋಗ್ತೀರಾ? ಬನ್ನಿ, ಇಲ್ಲಿಗೆ ಬರೋರೆಲ್ಲ ಅದೇ ಮುಖ ಹೊತ್ಕೊಂಡ್ ಬರೋದು" ಅಂದರು. ಎಡಗಡೆ ಮಗ್ಗುಲಾಗಿ ಮಲಗಿಸಿದರು, ಮೊಣಕಾಲು ಎದೆಗೆ ಎಳೆದುಕೊಳ್ಳಿ ಅಂದರು. ಗೋಡೆ ಮೇಲೆ ಒಂದು ಕ್ಯಾಲೆಂಡರ್ ಇತ್ತು, ಅದರಲ್ಲಿ ಒಂದು ಬಾತುಕೋಳಿ. ಆ ಬಾತುಕೋಳಿಯ ಮುಖ ಈ ಜನ್ಮದಲ್ಲಿ ಮರೆಯಲಾರೆ. ಎರಡು ನಿಮಿಷದಲ್ಲಿ ಮುಗಿಯಿತು. ನಾಲ್ಕು ತಿಂಗಳು ಹೆದರಿ ಸತ್ತದ್ದು ಈ ಎರಡು ನಿಮಿಷಕ್ಕೆ.

ಈಗ ನೀನು ಕೇಳಿದ್ದು. ಮೂಲವ್ಯಾಧಿ ಅಂದರೆ ಹೊರಗಿನಿಂದ ಬಂದು ಸೇರಿಕೊಂಡದ್ದಲ್ಲವಂತೆ. ಎಲ್ಲರಿಗೂ ಆ ಜಾಗದಲ್ಲಿ ರಕ್ತನಾಳಗಳ ಸಣ್ಣ ಮೆತ್ತೆಗಳಿವೆ, ಬಾಗಿಲು ಸರಿಯಾಗಿ ಮುಚ್ಚಿಕೊಳ್ಳಲಿ ಅಂತ. ವರ್ಷಗಟ್ಟಲೆ ತಿಣುಕಿದರೆ ಅವು ಊದಿ ಜಾರುತ್ತವೆ. ಮೊದಲ ಹಂತದಲ್ಲಿ ಒಳಗೇ ಇದ್ದು ರಕ್ತ ಬರುತ್ತದೆ. ಎರಡರಲ್ಲಿ ಹೊರಗೆ ಬಂದು ತಾವೇ ಒಳಗೆ ಹೋಗುತ್ತವೆ. ಮೂರರಲ್ಲಿ ಬೆರಳಿನಿಂದ ತಳ್ಳಬೇಕು. ನಾಲ್ಕರಲ್ಲಿ ತಳ್ಳಿದರೂ ಹೋಗುವುದಿಲ್ಲ. ನನ್ನದು ಎರಡು. "ಕ್ರೇನಿಂದ ಬಂದಿದ್ದಲ್ಲ ಇದು. ನೀರು ಕುಡೀದೆ, ಬಂದಾಗ ಹೋಗದೆ ನೀವೇ ಸಾಕಿದ್ದು" ಅಂದರು.

ಮದ್ದು ಏನೆಂದರೆ, ನಾರಿನ ಪುಡಿ, ಅದರ ಜೊತೆ ಬೇಕಾದಷ್ಟು ನೀರು, ಹಚ್ಚಲು ಒಂದು ಮುಲಾಮು. ಸೊಪ್ಪು, ಹಣ್ಣು, ಕಾಳು. ದಿನಕ್ಕೆರಡು ಸಲ ಟಬ್ಬಿನಲ್ಲಿ ಬೆಚ್ಚನೆ ನೀರು ಹಾಕಿ ಹತ್ತು ನಿಮಿಷ ಕೂರಬೇಕು. ಬಂದ ತಕ್ಷಣ ಹೋಗಬೇಕು, ಹೋದಲ್ಲಿ ಪೇಪರ್ ಓದುತ್ತಾ ಕೂರಬಾರದು. ಇಷ್ಟರಲ್ಲೇ ಎಷ್ಟೋ ಜನಕ್ಕೆ ಸರಿಹೋಗುತ್ತದಂತೆ. ನನಗೆ ಆ ಗಂಟಿನ ಬುಡಕ್ಕೆ ಪುಟ್ಟ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಗಂಟಿಗೆ ರಕ್ತ ಹರಿಯುವುದು ನಿಂತು ಅದು ಒಣಗಿ ವಾರದಲ್ಲಿ ತಾನೇ ಉದುರುತ್ತದೆ. ಆಪರೇಷನ್ ಬೇಡ.

ನಿನ್ನ ದಿಂಬು ಬಹಳ ಅನುಕೂಲವಾಗಿದೆ.

ಕೊನೆಗೆ ಇನ್ನೊಂದು ಕೇಳಿದರು, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತಾ ಅಂತ. ಇಲ್ಲ, ಅಮ್ಮನಿಗೆ ಹೊಟ್ಟೆಹುಣ್ಣಿತ್ತು ಅಷ್ಟೇ ಅಂದೆ. ಸರಿ ತಾನೆ?

ತಮ್ಮ


ಏಪ್ರಿಲ್ 6
ಅಂಗಡಿ

ತಮ್ಮಾ,

ನಿನ್ನದು ಮೂಲವ್ಯಾಧಿ ಅಂತ ಓದಿ ಕುಣಿದಾಡಿದೆ. ಮೂಲವ್ಯಾಧಿಗೆ ಯಾರಾದರೂ ಕುಣಿದಾಡುತ್ತಾರಾ ಅಂತ ನಿನ್ನ ಭಾವ ಕೇಳಬಹುದಿತ್ತು, ಸದ್ಯ ಅವರು ಹೊರಗಿದ್ದರು.

ಒಂದು ಕೆಲಸ ಮಾಡು. ಆ ನಾರಿನ ಪುಡಿ ನಾಲ್ಕು ಪ್ಯಾಕೆಟ್, ಆ ಮುಲಾಮು ಮೂರು ಟ್ಯೂಬು ತೆಗೆದುಕೊಂಡು ನನಗೆ ಕಳಿಸು. ನನಗಲ್ಲ, ಪಕ್ಕದ ಮನೆಯವಳಿಗೆ. ಪಾಪ, ಅವಳಿಗೂ ನಿನ್ನ ಹಾಗೇ. ಇಲ್ಲಿ ಅಂಗಡಿಯಲ್ಲಿ ಕೇಳಲು ನಾಚಿಕೆ.

ಇಲ್ಲಿ ಎಲ್ಲ ಮಾಮೂಲು. ನೂರ ಎಂಬತ್ತು ಜೊತೆ ಮುಗಿಯಿತು.

ಅಕ್ಕ


ಏಪ್ರಿಲ್ 20
ಕ್ಯಾಬಿನ್

ಅಕ್ಕನಿಗೆ,

ಪಾರ್ಸೆಲ್ ಹಾಕಿದ್ದೇನೆ. ಪಕ್ಕದ ಮನೆಯವಳಿಗೆ ನನ್ನ ನಮಸ್ಕಾರ ಹೇಳು, ನಾವಿಬ್ಬರೂ ಈಗ ಒಂದೇ ಕುಲದವರು. ಪುಡಿ ಹೇಗೆ ಕಲಸಬೇಕು, ನೀರು ಎಷ್ಟು ಬಿಸಿ ಇರಬೇಕು ಅಂತ ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ, ಕೊಡು.

ನನ್ನ ಬ್ಯಾಂಡು ಉದುರಿತು. ಹಾಕಿದ ದಿನ ಭಾರ ಭಾರ ಅನ್ನಿಸಿತು, ಮಾರನೆಯ ದಿನವೂ ಸ್ವಲ್ಪ. ಒಂಬತ್ತನೆಯ ದಿನ ಸ್ವಲ್ಪ ರಕ್ತ ಬಂದು ನಿಂತಿತು, ಹಾಗಾಗುತ್ತದೆ ಅಂತ ಮೊದಲೇ ಹೇಳಿದ್ದರು. ಈಗ ದಿನಕ್ಕೆ ಎರಡು ಸಲ ಏಣಿ ಇಳಿಯುತ್ತೇನೆ. ಮೇಸ್ತ್ರಿ ಮೊದಲ ದಿನ ಕುಣಿದ. "ಸ್ವಾಮಿ, ಡಾಕ್ಟರ ಚೀಟಿ ಇದೆ, ಮೇಲೆ ಬಂದು ಓದ್ಕೊಳ್ಳಿ" ಅಂದೆ. ಅವನು ಏಣಿ ನೋಡಿ ಹಿಂದೆ ತಿರುಗಿದ.

ಸಂತೋಷಕ್ಕೆ ಏನು ಬರೆಯಬೇಕು ಅಂತ ತೋಚುತ್ತಿಲ್ಲ. ಇವತ್ತು ಕೂತುಕೊಂಡು ಬರೆದಿದ್ದೇನೆ, ಅದನ್ನೇ ಬರೆಯುತ್ತೇನೆ.

ತಮ್ಮ


ಮೇ 4
ಅಂಗಡಿ

ತಮ್ಮಾ,

ಪಕ್ಕದ ಮನೆಯವಳು ನೀನು ಬರೆದಂತೆಯೇ ಮಾಡುತ್ತಿದ್ದಾಳೆ, ಒಂದು ದಿನವೂ ತಪ್ಪಿಸಿಲ್ಲ. ಮುಲಾಮು ಎರಡು ಟ್ಯೂಬು ಮುಗಿಯಿತು. ಆದರೆ ಕಡಿಮೆ ಕಾಣುತ್ತಿಲ್ಲ. ನಿನ್ನ ಹಾಗೆ ಕೆಂಪಗಲ್ಲ ಅವಳದು, ಸ್ವಲ್ಪ ಕಪ್ಪು, ಜೊತೆಯಲ್ಲೇ ಬೆರೆತಿರುತ್ತದೆ. ದಿನಕ್ಕೆ ಐದಾರು ಸಲ ಹೋಗಬೇಕು ಅನ್ನಿಸುತ್ತದೆ, ಹೋದರೆ ಏನೂ ಇರುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ಇದು ಮೂರನೆಯ ಹಂತ ಇರಬಹುದಾ? ರಬ್ಬರ್ ಬ್ಯಾಂಡು ಹಾಕಿದರೆ ಸರಿಹೋಗುತ್ತದಾ ಅಂತ ನಿನ್ನ ಡಾಕ್ಟರನ್ನು ಕೇಳಿ ಬರಿ. ಅವಸರವೇನಿಲ್ಲ.

ರವಿಕೆಗಳನ್ನು ಇನ್ನೊಂದು ಸಲ ಒಳಗೆ ಹಿಡಿದೆ. ಯೂನಿಫಾರ್ಮು ಇನ್ನೂ ನೂರ ಮೂವತ್ತು ಇದೆ.

ಅಕ್ಕ


ಮೇ 10
ಆಸ್ಪತ್ರೆಯ ಎದುರಿನ ಬೆಂಚು

ಅಕ್ಕಾ,

ನಿನ್ನ ಕಾಗದ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿದ್ದೆ. ಬ್ಯಾಂಡು ಉದುರಿದ ಮೇಲೆ ಇನ್ನೊಂದು ಸಲ ನೋಡಿಸಿಕೊಳ್ಳುವುದಿತ್ತು. ಅದು ಮುಗಿದ ಮೇಲೆ ತಮಾಷೆಯಾಗಿಯೇ ಕೇಳಿದೆ, ನಮ್ಮ ಅಕ್ಕನ ಪಕ್ಕದ ಮನೆಯವರಿಗೆ ಹೀಗೆ ಹೀಗೆ ಅಂತ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಅವರಿಗೆಷ್ಟು ವಯಸ್ಸು? ತೂಕ ಇಳಿದಿದೆಯಾ?" ಅಂದರು. "ಮುಲಾಮು ನಿಲ್ಸಿ ನಾಳೆನೇ ಡಾಕ್ಟರಿಗೆ ತೋರಿಸೋಕೆ ಹೇಳಿ. ಇದನ್ನ ಮೂಲವ್ಯಾಧಿ ಅಂತ ಅಂದ್ಕೊಂಡು ಕೂರೋ ಹಾಗಿಲ್ಲ" ಅಂದರು.

ತೂಕ ಇಳಿದಿದೆಯಾ ಅಂದಾಗ ನನಗೆ ನೆನಪಾದದ್ದು ಪಕ್ಕದ ಮನೆಯವಳಲ್ಲ. ಅವಳ ತೂಕ ನನಗೇನು ಗೊತ್ತು. ನೆನಪಾದದ್ದು ನಿನ್ನ ರವಿಕೆಗಳು. ಆಮೇಲೆ ಈ ಬೆಂಚಿನ ಮೇಲೆ ಬಂದು ಕೂತೆ. ನಿನ್ನ ಮನೆಯ ಎಡಕ್ಕೆ ಮರದ ಗೋದಾಮು. ಬಲಕ್ಕೆ ರಸ್ತೆ. ಹಿಂದೆ ಕಾಲುವೆ. ಪಕ್ಕದ ಮನೆ ಅನ್ನುವುದು ಎಲ್ಲಿಂದ ಬಂತು ಅಕ್ಕಾ? ನಾನೆಂಥ ಬೆಪ್ಪು. ಅಲ್ಲಿ ಆರು ವರ್ಷ ಇದ್ದವನು ನಾನು.

ಆ ತೂತಿನ ದಿಂಬು ಮೊದಲ ಸಲಕ್ಕೇ ಅಷ್ಟು ಸರಿಯಾಗಿ ಹೇಗೆ ಬಂತು, ಹತ್ತಿ ಎರಡು ದಿನಕ್ಕೆ ಕೂತುಬಿಡುತ್ತದೆ ಅಂತ ನಿನಗೆ ಹೇಗೆ ಗೊತ್ತಾಯಿತು, ಇದೂ ಈಗ ಹೊಳೆಯುತ್ತಿದೆ.

ನನ್ನದೂ ತಪ್ಪಿದೆ. ದಿಂಬಿನ ಮೇಲೆ ಮಾರ್ಚಿನಿಂದ ನಾನು ಕೂತಿಲ್ಲ. ಅದು ಬೇಡ, ಅದರಿಂದ ಆ ಜಾಗಕ್ಕೆ ಇನ್ನೂ ಜಗ್ಗಿದಂತಾಗುತ್ತದೆ ಅಂತ ಡಾಕ್ಟರು ಹೇಳಿದ್ದರು. ನಿನಗೆ ಬೇಜಾರಾಗುತ್ತದೆ ಅಂತ ಬರೆಯಲಿಲ್ಲ. ಅದು ಹೋಗಲಿ. ಅವತ್ತೇ ಅವರು ಇನ್ನೊಂದು ಮಾತು ಹೇಳಿದ್ದರು. ರಕ್ತ ಕಂಡರೆಲ್ಲ ಅದು ಮೂಲವ್ಯಾಧಿಯಲ್ಲ, ಬೆರೆತು ಬಂದರೆ, ಕಪ್ಪಗಿದ್ದರೆ, ಹೋಗುವ ಅಭ್ಯಾಸ ಬದಲಾದರೆ ಪರೀಕ್ಷೆ ಮಾಡಿಸಲೇಬೇಕು ಅಂತ. ನೀನು ಅದನ್ನೇ ಕೇಳಿದ್ದೆ. ಅಷ್ಟನ್ನು ಬಿಟ್ಟು ಉಳಿದದ್ದನ್ನು ಬರೆದೆ. ನನ್ನ ವಿಷಯಕ್ಕೆ ನೀನು ಸುಮ್ಮನೆ ಹೆದರುತ್ತೀಯ ಅಂತ. ಬೆಚ್ಚನೆ ನೀರು, ಸೊಪ್ಪು, ಬಾತುಕೋಳಿ ಎಲ್ಲ ಬರೆದೆ, ಬೇಕಾದ ಒಂದನ್ನು ಬಿಟ್ಟೆ.

ಇಲ್ಲಿಂದಲೇ ಫೋನು ಮಾಡಿದೆ. ಭಾವ ಎತ್ತಿ "ಅವಳಿಗೇನಯ್ಯಾ, ಕಲ್ಲುಗುಂಡಿನ ಹಾಗಿದ್ದಾಳೆ" ಅಂದರು. ನಿನ್ನ ಕೈಗೆ ಕೊಡಿ ಅಂದೆ. ನೀನು ಬರಲಿಲ್ಲ.

ನಾಳೆಯೇ ಹೋಗು.

ತಮ್ಮ


ಮೇ 17
ಅಂಗಡಿ

ತಮ್ಮಾ,

ಸರಿ, ನಾನೇ. ಜನವರಿಯಿಂದ.

ಹೋಗುವುದಿಲ್ಲ. ಊರಿಗಿರುವುದು ಒಂದೇ ಆಸ್ಪತ್ರೆ. ಚೀಟಿ ಬರೆಯುವವಳಿಗೆ, ನರ್ಸಿಗೆ, ಡಾಕ್ಟರ ಹೆಂಡತಿಗೆ ಎಲ್ಲರಿಗೂ ಹೊಲಿಯುವವಳು ನಾನು. ಊರಿನ ಎಲ್ಲರ ಅಳತೆ ನನ್ನ ಪುಸ್ತಕದಲ್ಲಿದೆ. ನನ್ನ ಅಳತೆ ಯಾರಿಗೂ ಕೊಡಲಾರೆ. ಇನ್ನೂ ತೊಂಬತ್ತು ಜೊತೆ ಬಾಕಿ. ಗೊತ್ತಿಲ್ಲದೆ ಇದ್ದರೆ ಕೆಲಸವಾದರೂ ಆಗುತ್ತದೆ. ನನ್ನನ್ನು ನನ್ನ ಪಾಡಿಗೆ ಬಿಡು.

ಅಕ್ಕ


ಮೇ 23
ಕ್ಯಾಬಿನ್

ಅಕ್ಕನಿಗೆ,

ಬಿಡುವುದಿಲ್ಲ.

ಡಾಕ್ಟರು ನನಗೂ ಕ್ಯಾಮೆರಾ ಪರೀಕ್ಷೆ ಬರೆದುಕೊಟ್ಟಿದ್ದಾರೆ, ಕೊಳವೆ ಹಾಕಿ ಕರುಳೆಲ್ಲ ನೋಡುವುದು. ನಲವತ್ತು ದಾಟಿದೆ, ರಕ್ತ ಹೋಗಿದೆ, ಒಂದು ಸಲ ನೋಡಿಬಿಡೋಣ ಅಂದರು. ಮನೆಯಲ್ಲಿ ಯಾರಿಗೂ ಇಲ್ಲವಾದ್ದರಿಂದ ಓಡಿ ಬರಬೇಕಾಗಿಲ್ಲ, ಬಿಡುವಾದಾಗ ಬನ್ನಿ ಅಂತಲೂ ಅಂದರು. ಆ ಚೀಟಿಯನ್ನು ಇಲ್ಲಿ ಗಾಜಿಗೆ ಅಂಟಿಸಿದ್ದೇನೆ. ನೀನು ಹೋಗುವವರೆಗೆ ನಾನೂ ಹೋಗುವುದಿಲ್ಲ. ಚಿಕ್ಕವನಿದ್ದಾಗ ನೀನು ಉಣ್ಣದೆ ನಾನು ಉಣ್ಣುತ್ತಿರಲಿಲ್ಲ, ನನ್ನ ಹಟ ನಿನಗೆ ಗೊತ್ತು. ಒಂದು ವರ್ಷವಾಗಲಿ, ಐದು ವರ್ಷವಾಗಲಿ. ಚೀಟಿ ಹಳದಿಯಾದರೂ ಆಗಲಿ.

ನೀನು ಅಲ್ಲಿ ಕೂತಿರು. ನಾನು ಇಲ್ಲಿ ಕೂತಿರುತ್ತೇನೆ.

ತಮ್ಮ


ಮೇ 28
ಅಂಗಡಿ, ಬಾಗಿಲು ಹಾಕಿಕೊಂಡು

ತಮ್ಮಾ,

ಆ ಚೀಟಿ ಕಿತ್ತುಕೋ. ಈ ಕಾಗದ ಸಿಕ್ಕ ದಿನವೇ ಹೋಗು. ಹಟ ಮಾಡಲು ಇದು ಊಟದ ವಿಷಯವಲ್ಲ.

ಡಾಕ್ಟರು ನಿನ್ನನ್ನು ಕೇಳಿದರಲ್ಲ, ಮನೆಯಲ್ಲಿ ಯಾರಿಗಾದರೂ ಇತ್ತಾ ಅಂತ. ಸರಿ ತಾನೆ ಅಂತ ನೀನು ನನ್ನನ್ನು ಕೇಳಿದೆ. ಅವತ್ತು ಮಿಷನ್ನಿನ ಸೂಜಿ ಬೆರಳಿಗೆ ಹೋಯಿತು. ಮೂರು ಸಲ ಉತ್ತರ ಬರೆದೆ, ಮೂರು ಸಲ ಹರಿದೆ.

ಅಮ್ಮನಿಗೆ ಹೊಟ್ಟೆಹುಣ್ಣು ಇರಲಿಲ್ಲ. ದೊಡ್ಡ ಕರುಳಿನ ಕ್ಯಾನ್ಸರ್.

ಎರಡು ವರ್ಷ ರಕ್ತ ಹೋಗುತ್ತಿತ್ತು. ಹಗಲೆಲ್ಲ ಮಿಷನ್ ಮುಂದೆ ಕೂರುತ್ತಾಳೆ, ಅದಕ್ಕೇ ಮೂಲವ್ಯಾಧಿ ಅಂತ ಎಲ್ಲರೂ ಹೇಳಿದರು. ಅವಳೂ ಹಾಗೇ ಅಂದುಕೊಂಡಳು. ಮುಲಾಮು, ಪಥ್ಯ, ತೂತಿನ ದಿಂಬು. ನಿನ್ನ ದಿಂಬು ಅವಳ ದಿಂಬಿನ ಅಳತೆಯೇ. ಅವಳ ರವಿಕೆಗಳನ್ನು ಒಳಗೆ ಹಿಡಿದು ಕೊಡುತ್ತಿದ್ದವಳು ನಾನು. ಕೊನೆಗೆ ದೊಡ್ಡ ಆಸ್ಪತ್ರೆಗೆ ಹೋದಾಗ ಹೊಟ್ಟೆ ಕೊಯ್ದು, ನೋಡಿ, ಹಾಗೇ ಹೊಲಿದರು. ಕಾರಿಡಾರಿನಲ್ಲಿ ನನ್ನೊಬ್ಬಳಿಗೇ ಹೇಳಿದರು. ನನಗಾಗ ಇಪ್ಪತ್ನಾಲ್ಕು, ನಿನಗೆ ಹದಿನಾಲ್ಕು. ಅಮ್ಮ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು ಆಣೆ ಹಾಕಿಸಿದಳು. "ಚಿಕ್ಕವನಿಗೆ ಹೇಳ್ಬೇಡ. ಯಾರಿಗೂ ಹೇಳ್ಬೇಡ, ನಿನ್ನ ಮದುವೆ ನಿಂತ್ಹೋಗುತ್ತೆ" ಅಂದಳು. ಹೇಳಲಿಲ್ಲ. ನಿನ್ನ ಭಾವನಿಗೂ ಇವತ್ತಿನವರೆಗೆ ಗೊತ್ತಿಲ್ಲ.

ಜನವರಿಯಲ್ಲಿ ನನಗೆ ಶುರುವಾದಾಗ ಏನು ಅಂತ ನನಗೆ ಗೊತ್ತಿತ್ತು. ಗೊತ್ತಿಲ್ಲ ಅಂತ ಬರೆದದ್ದು ಸುಳ್ಳು. ಆಗ ನಿನ್ನ ಕಾಗದ ಬಂತು, ನಿನಗೂ ರಕ್ತ. ಆಮೇಲೆ ನಿನ್ನದು ಬರೀ ಮೂಲವ್ಯಾಧಿ ಅಂತ ಬಂತು. ನಾನು ಕುಣಿದಾಡಿದ್ದು ನಿನಗೋಸ್ಕರ ಮಾತ್ರವಲ್ಲ. ತಮ್ಮನದು ಅದಾದರೆ ಅಕ್ಕನದೂ ಅದೇ ಇರಬೇಕು ಅಂದುಕೊಂಡೆ. ನಿನ್ನ ಕಾಯಿಲೆಯನ್ನು ನಾನು ಇಟ್ಟುಕೊಂಡುಬಿಟ್ಟೆ. ನೀನು ಬರೆದ ಹಾಳೆಯನ್ನು ದಿನಾ ಓದಿ ಹಾಗೇ ಮಾಡಿದೆ, ಮಾಡುವಷ್ಟು ಹೊತ್ತು ನನ್ನದೂ ಎರಡನೆಯ ಹಂತ ಅನ್ನಿಸುತ್ತಿತ್ತು. ಬೆಚ್ಚನೆ ನೀರಿನಲ್ಲಿ ಕೂತಾಗ ಎಷ್ಟು ಸಮಾಧಾನವಾಗುತ್ತಿತ್ತು ಗೊತ್ತಾ.

ಐದು ವರ್ಷ ಹೋಗುವುದಿಲ್ಲ ಅಂತ ನೀನು ಬರೆದದ್ದು ಓದಿ ಅಂಗಡಿ ಬಾಗಿಲು ಹಾಕಿಕೊಂಡೆ. ನಾನು ಸತ್ತರೆ ಸತ್ತೆ ಅಂತ ಕೂತಿದ್ದೆ. ನಿನ್ನನ್ನೂ ಜೊತೆಗೆ ಕೂರಿಸಿಕೊಳ್ಳಲಾರೆ.

ಸೋಮವಾರ ಹೋಗುತ್ತೇನೆ, ಇಲ್ಲಲ್ಲ, ಜಿಲ್ಲಾ ಆಸ್ಪತ್ರೆಗೆ. ಗುಂಡಿ ತರಲು ಹೋಗುತ್ತೇನೆ ಅಂತ ರೇಡಿಯೋಗೆ ಹೇಳಿದ್ದೇನೆ. ನೀನೂ ಹೋಗು. ಡಾಕ್ಟರಿಗೆ ಅಮ್ಮನ ವಿಷಯ ಹೇಳು. ಅವಳಿಗೆ ನಲವತ್ತೊಂಬತ್ತು ಆಗಿತ್ತು ಅಂತಲೂ ಹೇಳು.

ಅಕ್ಕ


ಜೂನ್ 9

ತಮ್ಮಾ,

ಅದೇ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು, ಉತ್ತರ ಬಂತು. 19ಕ್ಕೆ ಆಪರೇಷನ್. ಬೇರೆ ಕಡೆ ಹರಡಿದ ಹಾಗೆ ಕಾಣುವುದಿಲ್ಲ, ಕೊಯ್ದು ನೋಡಿದ ಮೇಲೆ ಪೂರ್ತಿ ಹೇಳುತ್ತೇವೆ ಅಂದರು. ನಿನ್ನ ಭಾವನಿಗೆ ಹೇಳಿದೆ. ಅಮ್ಮನದನ್ನೂ ಹೇಳಿದೆ. ಅವರು ಅವತ್ತಿನಿಂದ ಯಾರ ಹತ್ತಿರವೂ ಮಾತಾಡುತ್ತಿಲ್ಲ. ಬೀದಿಯವರು ಬಂದು ನನ್ನನ್ನು ಕೇಳುತ್ತಿದ್ದಾರೆ, ಇವರಿಗೆ ಏನಾಯಿತು ಅಂತ.

ನಿನ್ನದು ಏನಾಯಿತು? ಬರಿ.

ಅಕ್ಕ


ಜೂನ್ 14
ಕ್ಯಾಬಿನ್

ಅಕ್ಕಾ,

ನನ್ನ ಕರುಳಿನಲ್ಲಿ ಎರಡು ಸಣ್ಣ ಗಂಟುಗಳಿದ್ದವು, ಬಟಾಣಿಯಷ್ಟು. ಮೂಲವ್ಯಾಧಿಗೂ ಅದಕ್ಕೂ ಸಂಬಂಧವಿಲ್ಲ, ಎಲ್ಲೋ ಮೇಲೆ ಸುಮ್ಮನೆ ಕೂತಿದ್ದವು. ಪರೀಕ್ಷೆ ಮಾಡುವಾಗಲೇ ಕತ್ತರಿಸಿ ತೆಗೆದರು. ಇನ್ನೂ ಕೆಟ್ಟಿರಲಿಲ್ಲ. ಬಿಟ್ಟಿದ್ದರೆ ಕೆಲವು ವರ್ಷಗಳಲ್ಲಿ ಕೆಡಬಹುದಿತ್ತು ಅಂದರು. ಅಮ್ಮನ ವಿಷಯ ಹೇಳಿದ್ದಕ್ಕೇ ಅಷ್ಟು ಬೇಗ ದಿನ ಕೊಟ್ಟರು. ನೀನು ಬರೆಯದಿದ್ದರೆ ಆ ಚೀಟಿ ಇನ್ನೂ ಈ ಗಾಜಿನ ಮೇಲೇ ಇರುತ್ತಿತ್ತು, ನಾನು ಅದನ್ನು ನೋಡಿಕೊಂಡು ನನ್ನ ಹಟಕ್ಕೆ ನಾನೇ ಮೆಚ್ಚುತ್ತಿದ್ದೆ.

ಇಪ್ಪತ್ತೇಳು ವರ್ಷ ನೀನೊಬ್ಬಳೇ ಅದನ್ನು ಹೊತ್ತುಕೊಂಡಿದ್ದೆಯಲ್ಲ, ಅದಕ್ಕೆ ನನಗೆ ಸಿಟ್ಟು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಎರಡೂ ಬಂತು. ಇಲ್ಲಿ ನೋಡುವವರು ಯಾರೂ ಇಲ್ಲ, ಅದೊಂದು ಅನುಕೂಲ.

ರಜೆ ಕೇಳಿದೆ. ತಿಂಗಳ ಕೊನೆಯವರೆಗೆ ಕಾಂಕ್ರೀಟ್ ಗೋಡೆ ಎರೆಯುವ ಕೆಲಸ, ಬದಲಿ ಆಪರೇಟರ್ ಇಲ್ಲ, ಹೋದರೆ ಮತ್ತೆ ಬರಬೇಡ ಅಂದರು. ವೈರ್‌ಲೆಸ್ಸಿನಲ್ಲಿ ಮೇಸ್ತ್ರಿ ಈಗಲೂ ಕೂಗುತ್ತಿದ್ದಾನೆ. ಕೊಕ್ಕೆಯಲ್ಲಿದ್ದ ಹೊರೆಯನ್ನು ನೆಲಕ್ಕೆ ಇಳಿಸಿದ್ದೇನೆ, ಸ್ವಿಚ್ ಆಫ್ ಮಾಡಿದ್ದೇನೆ. ಈ ಕಾಗದ ನಿನ್ನನ್ನು ಮುಟ್ಟುವುದರೊಳಗೆ ನಾನೇ ಬಂದಿರುತ್ತೇನೆ. ಆದರೂ ಬರೆಯದೆ ಇಳಿಯಲು ಮನಸ್ಸಾಗಲಿಲ್ಲ.

ಬರುತ್ತಿದ್ದೇನೆ.

ತಮ್ಮ


ಜೂನ್ 17
ಜಿಲ್ಲಾ ಆಸ್ಪತ್ರೆ, ಹೆಂಗಸರ ವಾರ್ಡ್, ಬೆಳಿಗ್ಗೆ

ಮಗಳೇ,

ಈ ಕಾಗದವನ್ನು ನಿನ್ನ ಮಾವನ ಕೈಯಲ್ಲೇ ಕಳಿಸುತ್ತಿದ್ದೇನೆ. ಬಾಯಲ್ಲಿ ಹೇಳಿಬಿಡು ಅಂದರೆ ಅವನಿಗೆ ಆಗುವುದಿಲ್ಲವಂತೆ.

ನಾನು ಆಸ್ಪತ್ರೆಯಲ್ಲಿದ್ದೇನೆ. ನಿನ್ನ ಅಜ್ಜಿ ಸತ್ತದ್ದು ಹೊಟ್ಟೆಹುಣ್ಣಿನಿಂದಲ್ಲ, ದೊಡ್ಡ ಕರುಳಿನ ಕ್ಯಾನ್ಸರಿನಿಂದ. ನನಗೂ ಅದೇ ಆಗಿದೆ. ನಾಡಿದ್ದು ಆಪರೇಷನ್. ನಿನ್ನ ಮಾವನಿಗೆ ಆಗುವುದರಲ್ಲಿತ್ತು, ಮೊದಲೇ ನೋಡಿ ತೆಗೆದರು. ನಿನಗೆ ಈಗ ಏನೂ ಆಗಿಲ್ಲ, ಗಾಬರಿಯಾಗಬೇಡ. ಆದರೆ ಇದು ನಮ್ಮ ಮನೆಯಲ್ಲಿ ಇದೆ ಅಂತ ನಿನಗೆ ಗೊತ್ತಿರಬೇಕು, ಡಾಕ್ಟರಿಗೆ ಹೇಳಬೇಕು, ಅವರು ಹೇಳಿದ ವಯಸ್ಸಿಗೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ನಾಚಿಕೆ ಮಾಡಿಕೊಳ್ಳಬೇಡ.

ನಿನಗೆ ಹೇಳಬಾರದು ಅಂತ ಇಷ್ಟು ದಿನ ನಿನ್ನ ಅಪ್ಪನ ಬಾಯಿ ಕಟ್ಟಿದ್ದೆ. ಓದು ಕೆಡುತ್ತದೆ ಅಂತ. ಇವತ್ತು ಬೆಳಿಗ್ಗೆ ನಿನ್ನ ಮಾವನಿಗೂ ಅದನ್ನೇ ಹೇಳುತ್ತಿದ್ದೆ, ಅವಳು ಚಿಕ್ಕವಳು, ಹೇಳಬೇಡ ಅಂತ. ಅವನು ನನ್ನ ಮುಖ ನೋಡಿದ. ಆಗ ನನಗೇ ಕೇಳಿಸಿತು, ಅದು ನನ್ನ ಅಮ್ಮನ ಮಾತು. ನರ್ಸಿನ ಹತ್ತಿರ ಪೆನ್ನು ಕೇಳಿ ಇಸಿದುಕೊಂಡೆ.

ನಿನ್ನ ಮಾವನ ಜೊತೆಯಲ್ಲೇ ಹೊರಟು ಬಾ. ನನಗೆ ಹೆದರಿಕೆಯಾಗುತ್ತಿದೆ.

ಅಮ್ಮ